ಮತ್ತೆ ಮತ್ತೆ ತೆಗೆದ ಎಂಆರ್‌ಐ ಸ್ಕ್ಯಾನ್‌ಗಳಿಂದ ಮಿದುಳಿನ ಗಾತ್ರದ ಬದಲಾವಣೆಯನ್ನು ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಬ್ಬ ವ್ಯಕ್ತಿಯ ಮಿದುಳನ್ನು ಈಗೊಮ್ಮೆ, ಒಂದು ವರ್ಷ ಕಳೆದ ಮೇಲೆ ಮತ್ತೊಮ್ಮೆ ಎಂಆರ್‌ಐ ಯಂತ್ರದಲ್ಲಿ ಚಿತ್ರಿಸಿ, ಈ ಅವಧಿಯಲ್ಲಿ ಅದು ಎಷ್ಟು ಕುಗ್ಗಿದೆ ಎಂದು ಕೇಳುವುದು ಸುಲಭ. ಉತ್ತರ ಎಷ್ಟು ಸೂಕ್ಷ್ಮವಾದದ್ದು ಎಂಬುದು ಲೆಕ್ಕಕ್ಕೆ ಕುಳಿತಾಗಲೇ ಅರಿವಾಗುತ್ತದೆ. 1150 ಮಿಲಿಲೀಟರ್ ಗಾತ್ರದ ಮಿದುಳು ಒಂದು ವರ್ಷದಲ್ಲಿ ಶೇ 0.5ರಷ್ಟು ಕುಗ್ಗಿತು ಎಂದುಕೊಳ್ಳೋಣ. ಆಗ ಕಳೆದುಹೋದದ್ದು 5.75 ಮಿಲಿಲೀಟರ್. ಈ ನಷ್ಟವು ಸುಮಾರು 1800 ಚದರ ಸೆಂಟಿಮೀಟರ್ ವಿಸ್ತೀರ್ಣದ ಮಿದುಳು ತೊಗಟೆಯ ಮೇಲೆಲ್ಲ ಸಮನಾಗಿ ಹಂಚಿಹೋಗಿದ್ದರೆ, ಮೇಲ್ಮೈಯ ಪ್ರತಿ ಬಿಂದುವೂ ಒಳಕ್ಕೆ ಸರಿದಿರುವುದು ಸುಮಾರು 0.03 ಮಿಲಿಮೀಟರ್ ಮಾತ್ರ. ನಮ್ಮ ಕೈಯಲ್ಲಿರುವ ಚಿತ್ರದ ಒಂದೊಂದು ವಾಕ್ಸೆಲ್‌ನ, ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಘನದ, ಬದಿ 1 ಮಿಲಿಮೀಟರ್. ಅಂದರೆ ನಾವು ಹುಡುಕುತ್ತಿರುವುದು ವಾಕ್ಸೆಲ್‌ನ ಮೂವತ್ತನೇ ಒಂದು ಭಾಗದಷ್ಟು ಚಲನೆಯನ್ನು.

ಇದು ಸಾಧ್ಯವಾಗುವುದು ಲಕ್ಷಾಂತರ ವಾಕ್ಸೆಲ್‌ಗಳ ಮಾಹಿತಿ ಒಟ್ಟುಗೂಡಿ ಸರಾಸರಿಯಾಗುವುದರಿಂದ. ಆದರೆ ಸರಾಸರಿಯು ಯಾದೃಚ್ಛಿಕ ದೋಷವನ್ನು ಮಾತ್ರ ತಗ್ಗಿಸುತ್ತದೆ. ಒಂದೇ ದಿಕ್ಕಿಗೆ ಎಳೆಯುವ ದೋಷವನ್ನು ಅದು ಮುಟ್ಟುವುದೂ ಇಲ್ಲ. ಮೊದಲ ಸ್ಕ್ಯಾನ್‌ಗೂ ಎರಡನೆಯದಕ್ಕೂ ನಡುವೆ ಚಿತ್ರೀಕರಣದಲ್ಲಾಗಲಿ ಸಂಸ್ಕರಣೆಯಲ್ಲಾಗಲಿ ಉಳಿದುಹೋದ ಯಾವುದೇ ವ್ಯತ್ಯಾಸ, ಕೊನೆಗೆ ಮಿದುಳಿನ ಬದಲಾವಣೆಯ ವೇಷದಲ್ಲಿ ಫಲಿತಾಂಶದೊಳಗೆ ಬಂದು ಕೂರುತ್ತದೆ. ಆದ್ದರಿಂದ ಮುಂದೆ ವಿವರಿಸಿರುವ ಪ್ರತಿಯೊಂದು ಹಂತದ ಗುರಿಯೂ ಒಂದೇ: ಎರಡೂ ಸ್ಕ್ಯಾನ್‌ಗಳು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿಯ ಉಪಚಾರವನ್ನು ಪಡೆಯುವಂತೆ ನೋಡಿಕೊಳ್ಳುವುದು.

ಹಂತ 1: ಎಷ್ಟು ಬದಲಾವಣೆಯನ್ನು ನಿರೀಕ್ಷಿಸಬೇಕು ಎಂದು ಮೊದಲೇ ತಿಳಿದುಕೊಳ್ಳಿ

ಅಳತೆಗೆ ಇಳಿಯುವ ಮುನ್ನ, ನಂಬಬಹುದಾದ ಉತ್ತರ ಯಾವ ವ್ಯಾಪ್ತಿಯಲ್ಲಿ ಇರಬೇಕೆಂಬ ಅಂದಾಜು ಬೇಕು. ಆರೋಗ್ಯವಂತ ಯುವಕರು ಮತ್ತು ಮಧ್ಯವಯಸ್ಕರಲ್ಲಿ ಇಡೀ ಮಿದುಳು ವರ್ಷಕ್ಕೆ ಸುಮಾರು ಶೇ 0.1ರಿಂದ 0.3ರಷ್ಟು ಕುಗ್ಗುತ್ತದೆ; ಅರವತ್ತು ದಾಟಿದ ಮೇಲೆ ಇದು ಶೇ 0.5ರ ಸುತ್ತಮುತ್ತ ಇರುತ್ತದೆ. ನರಗಳ ಹೊದಿಕೆಗೆ ಹಾನಿ ಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಚಿಕಿತ್ಸೆ ಪಡೆಯದವರಲ್ಲಿ ವರ್ಷಕ್ಕೆ ಶೇ 0.5ರಿಂದ 1.3ರವರೆಗೆ, ಆಲ್ಝೈಮರ್ ಕಾಯಿಲೆಯಲ್ಲಿ ಶೇ 1ರಿಂದ 2ರವರೆಗೆ ಇಳಿಕೆ ಕಾಣಬಹುದು. ನೆನಪಿನ ಕೆಲಸದಲ್ಲಿ ಮುಖ್ಯವಾದ ಹಿಪ್ಪೋಕ್ಯಾಂಪಸ್ ಭಾಗವನ್ನಷ್ಟೇ ನೋಡಿದರೆ, ವಯಸ್ಸಾದ ಆರೋಗ್ಯವಂತರಲ್ಲಿ ವರ್ಷಕ್ಕೆ ಸುಮಾರು ಶೇ 1.4ರಷ್ಟು, ಆಲ್ಝೈಮರ್ ರೋಗಿಗಳಲ್ಲಿ ಸುಮಾರು ಶೇ 4ರಿಂದ 5ರಷ್ಟು ಇಳಿಕೆ ಇರುತ್ತದೆ.

ಒಂದು ವರ್ಷದಲ್ಲಿ ಶೇ 6ರಷ್ಟು ಇಡೀ ಮಿದುಳು ಕುಗ್ಗಿದೆ ಅಥವಾ ಶೇ 2ರಷ್ಟು ಬೆಳೆದಿದೆ ಎಂದು ತಂತ್ರಾಂಶ ತೋರಿಸಿದರೆ, ಮೊದಲು ಅನುಮಾನಿಸಬೇಕಾದದ್ದು ಚಿತ್ರವನ್ನು, ಮಿದುಳನ್ನಲ್ಲ.

ಎರಡು ಸ್ಕ್ಯಾನ್‌ಗಳ ನಡುವಿನ ಅಂತರವನ್ನೂ ಈ ಅಂಕಿಗಳಿಂದಲೇ ನಿರ್ಧರಿಸಬೇಕು. ಉತ್ತಮ ವಿಧಾನಗಳಲ್ಲಿ ಒಂದು ಜೋಡಿ ಸ್ಕ್ಯಾನ್‌ನ ಅಳತೆಯ ದೋಷವು ಸುಮಾರು ಶೇ 0.2ರಷ್ಟು ಇರುತ್ತದೆ, ಮತ್ತು ಅಂತರ ಎಷ್ಟೇ ಇರಲಿ ಈ ದೋಷ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮೂರು ತಿಂಗಳ ಅಂತರದ ಫಲಿತಾಂಶವನ್ನು ವಾರ್ಷಿಕ ದರಕ್ಕೆ ಪರಿವರ್ತಿಸಲು ನಾಲ್ಕರಿಂದ ಗುಣಿಸಿದಾಗ ದೋಷವೂ ಶೇ 0.8ಕ್ಕೆ ಏರುತ್ತದೆ, ಎರಡು ವರ್ಷದ ಅಂತರದಲ್ಲಿ ಅದು ಶೇ 0.1ಕ್ಕೆ ಇಳಿಯುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಏನನ್ನಾದರೂ ಹೇಳಬೇಕಿದ್ದರೆ ಒಂದು ವರ್ಷಕ್ಕಿಂತ ಕಡಿಮೆ ಅಂತರವನ್ನು ಆಯ್ದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಂಪುಗಳ ಅಧ್ಯಯನದಲ್ಲಿ ಆರು ತಿಂಗಳನ್ನು ಒಪ್ಪಬಹುದು.

ಹಂತ 2: ಚಿತ್ರೀಕರಣವನ್ನು ಒಂದೇ ಅಚ್ಚಿನಲ್ಲಿ ನಡೆಸಿ

ಮುಂದಿನ ಎಲ್ಲ ಹಂತಗಳಿಗಿಂತ ಈ ಹಂತಕ್ಕೆ ಹೆಚ್ಚು ತೂಕ ಕೊಡಬೇಕು, ಏಕೆಂದರೆ ಇಲ್ಲಿ ಕೆಟ್ಟದ್ದನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಪಡಿಸಲಾರದು. ಬೇಕಾದದ್ದು ಇಡೀ ತಲೆಯನ್ನು ಒಳಗೊಂಡ ಮೂರು ಆಯಾಮಗಳ ಟಿ1 ಚಿತ್ರ (ಅಂಗಾಂಶವು ಹೊಳೆದು ದ್ರವವು ಕಪ್ಪಾಗಿ ಕಾಣುವ ಬಗೆ). ಸಾಮಾನ್ಯವಾಗಿ ಎಂಪಿರೇಜ್ ಅಥವಾ ಅದಕ್ಕೆ ಸಮಾನವಾದ ಸೀಕ್ವೆನ್ಸ್ (ಯಂತ್ರವು ಚಿತ್ರ ತೆಗೆಯುವ ಕ್ರಮ), ಎಲ್ಲ ದಿಕ್ಕಿನಲ್ಲೂ ಸುಮಾರು 1 ಮಿಲಿಮೀಟರ್ ವಾಕ್ಸೆಲ್ ಸಾಕಾಗುತ್ತದೆ. ವೈದ್ಯಕೀಯ ವರದಿಗಾಗಿ ತೆಗೆಯುವ 5 ಮಿಲಿಮೀಟರ್ ದಪ್ಪದ ಸ್ಲೈಸ್‌ಗಳಿಂದ ಈ ಅಳತೆಯನ್ನು ಮಾಡಲು ಹೊರಡಬೇಡಿ.

ಯಂತ್ರ ಅದೇ ಇರಬೇಕು, ಕಾಂತಕ್ಷೇತ್ರದ ಬಲ ಅದೇ ಇರಬೇಕು, ತಲೆಗೆ ಹಾಕುವ, ಸಂಕೇತ ಹಿಡಿಯುವ ಕಾಯಿಲ್ ಅದೇ ಇರಬೇಕು, ಸೀಕ್ವೆನ್ಸ್‌ನ ಪ್ರತಿ ನಿಯತಾಂಕವೂ ಅದೇ ಇರಬೇಕು. ಯಂತ್ರದ ಸಾಫ್ಟ್‌ವೇರ್ ನವೀಕರಣವಾದರೆ ಅದನ್ನು ಸಣ್ಣ ವಿಷಯವೆಂದು ಬಿಡಬಾರದು. ದಿನಾಂಕ ಸಮೇತ ದಾಖಲಿಸಬೇಕು. ಗ್ರೇಡಿಯೆಂಟ್‌ಗಳ (ಚಿತ್ರದಲ್ಲಿ ಸ್ಥಾನವನ್ನು ಗುರುತಿಸಲು ಬಳಸುವ, ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರಗಳ) ಮಾಪನದಲ್ಲಿ ಕೇವಲ ಶೇ 0.1ರಷ್ಟು ವ್ಯತ್ಯಾಸವಾದರೂ ಉದ್ದ, ಅಗಲ, ಎತ್ತರ ಮೂರೂ ಅಷ್ಟರಮಟ್ಟಿಗೆ ಬದಲಾಗಿ ಗಾತ್ರದಲ್ಲಿ ಶೇ 0.3ರ ವ್ಯತ್ಯಾಸ ಹುಟ್ಟುತ್ತದೆ. ಅದು ಆರೋಗ್ಯವಂತ ಮಧ್ಯವಯಸ್ಕನ ಒಂದು ಇಡೀ ವರ್ಷದ ಬದಲಾವಣೆ. 170 ಮಿಲಿಮೀಟರ್ ಉದ್ದದ ತಲೆಯಲ್ಲಿ ಈ ವ್ಯತ್ಯಾಸ 0.17 ಮಿಲಿಮೀಟರ್ ಮಾತ್ರ. ಕಣ್ಣಿಗೆ ಅದು ಎಂದೂ ಕಾಣಿಸದು. ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ಆಡ್ನಿ ಎಂಬ ಆಲ್ಝೈಮರ್ ಅಧ್ಯಯನವು ಹಲವು ಕೇಂದ್ರಗಳ ಯಂತ್ರಗಳನ್ನು ಹೋಲಿಸಲು ಫ್ಯಾಂಟಮ್ ಎಂಬ ಪರೀಕ್ಷಾ ಗೋಳವನ್ನೂ ಸ್ಕ್ಯಾನ್ ಮಾಡಿಸಿದ್ದು ಇಂಥ ಕಾರಣಕ್ಕಾಗಿಯೇ.

ತಲೆಯನ್ನು ಪ್ರತಿ ಬಾರಿಯೂ ಕಾಯಿಲ್‌ನೊಳಗೆ ಅದೇ ಸ್ಥಾನದಲ್ಲಿ, ಅದೇ ಓರೆಯಲ್ಲಿ ಇರಿಸಲು ತಂತ್ರಜ್ಞರಿಗೆ ಮನವಿ ಮಾಡಿ. ಯಂತ್ರದ ಕೇಂದ್ರದಿಂದ ದೂರ ಹೋದಂತೆ ಗ್ರೇಡಿಯೆಂಟ್‌ಗಳು ನೇರವಾಗಿ ಉಳಿಯದೆ ಚಿತ್ರವು ವಕ್ರವಾಗುತ್ತದೆ. ಒಮ್ಮೆ ತಲೆಯು ಕೇಂದ್ರದಲ್ಲಿದ್ದು ಇನ್ನೊಮ್ಮೆ ಮೂರು ಸೆಂಟಿಮೀಟರ್ ಕೆಳಗಿದ್ದರೆ ಎರಡೂ ಚಿತ್ರಗಳು ಬೇರೆ ಬೇರೆ ರೀತಿ ಬಾಗಿರುತ್ತವೆ. ಇದಕ್ಕೆ ಯಂತ್ರದಲ್ಲೇ ಮೂರು ಆಯಾಮಗಳ ತಿದ್ದುಪಡಿ ಇರುತ್ತದೆ. ಎಚ್ಚರ ಬೇಕಾದದ್ದು ಇಲ್ಲೇ: ಕೆಲವು ಯಂತ್ರಗಳು ತಿದ್ದಿದ ಚಿತ್ರ ಮತ್ತು ತಿದ್ದದ ಚಿತ್ರ ಎರಡನ್ನೂ ಒಂದೇ ಹೆಸರಿನ ಅಕ್ಕಪಕ್ಕದ ಫೋಲ್ಡರ್‌ಗಳಲ್ಲಿ ಉಳಿಸುತ್ತವೆ, ತಿದ್ದದ ಚಿತ್ರದ ಹೆಸರಿನ ತುದಿಗೆ 'ಎನ್‌ಡಿ' ಎಂಬ ಎರಡು ಅಕ್ಷರಗಳು ಮಾತ್ರ ಹೆಚ್ಚಿಗೆ ಇರುತ್ತವೆ. ಮೊದಲ ಭೇಟಿಯಿಂದ ಒಂದು ಬಗೆಯದನ್ನು, ಎರಡನೆಯದರಿಂದ ಇನ್ನೊಂದು ಬಗೆಯದನ್ನು ಎತ್ತಿಕೊಂಡರೆ ಅಳತೆ ಅಲ್ಲಿಗೇ ಕೆಟ್ಟಂತೆ.

ವ್ಯಕ್ತಿಯ ದೇಹಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಹಲವು ಗಂಟೆ ನೀರು ಕುಡಿಯದಿದ್ದರೆ ಮಿದುಳಿನ ಅಳತೆಯು ಸುಮಾರು ಅರ್ಧ ಶೇಕಡಾದಷ್ಟು ಇಳಿದು, ನೀರು ಕುಡಿದ ಮೇಲೆ ಮತ್ತೆ ಏರುವುದನ್ನು ಪ್ರಯೋಗಗಳು ತೋರಿಸಿವೆ. ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಮಿದುಳು ಸಂಜೆಯದಕ್ಕಿಂತ ತುಸು ದೊಡ್ಡದಾಗಿ ಅಳತೆಗೆ ಸಿಗುವುದೂ ಉಂಟು. ಹಾಗಾಗಿ ಎರಡೂ ಸ್ಕ್ಯಾನ್‌ಗಳನ್ನು ದಿನದ ಒಂದೇ ಹೊತ್ತಿನಲ್ಲಿ, ಎಂದಿನಂತೆ ನೀರು ಕುಡಿದ ಸ್ಥಿತಿಯಲ್ಲಿ ತೆಗೆಸಬೇಕು. ಚಿತ್ರದ ಕಾಂಟ್ರಾಸ್ಟ್ ಹೆಚ್ಚಿಸುವ ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಡುವುದಿದ್ದರೆ ಅಳತೆಯ ಟಿ1 ಚಿತ್ರವನ್ನು ಅದಕ್ಕೂ ಮುನ್ನವೇ ಮುಗಿಸಿಕೊಳ್ಳಬೇಕು. ಕಾಂಟ್ರಾಸ್ಟ್ ಸೇರಿದ ಮೇಲೆ ರಕ್ತನಾಳಗಳೂ ಮಿದುಳಿನ ಹೊದಿಕೆಯ ಪೊರೆಗಳೂ ಹೊಳೆಯತೊಡಗಿ ಗಡಿಗಳು ಬದಲಾಗುತ್ತವೆ.

ಇನ್ನು ಅಲುಗಾಟ. ಸ್ಕ್ಯಾನ್ ನಡೆಯುವಾಗ ತಲೆ ಅಲುಗಿದರೆ ಬೂದು ದ್ರವ್ಯದ (ನರಕೋಶಗಳು ದಟ್ಟವಾಗಿರುವ ಅಂಗಾಂಶದ) ಗಾತ್ರ ಕಡಿಮೆಯಾಗಿ ಅಳತೆಗೆ ಸಿಗುತ್ತದೆ. ಕಾಯಿಲೆ ಮುಂದುವರಿದಂತೆ ರೋಗಿಗಳು ಹೆಚ್ಚು ಅಲುಗುವುದು ಸಹಜವಾದ್ದರಿಂದ ಈ ದೋಷವು ಯಾದೃಚ್ಛಿಕವಲ್ಲ. ನಾವು ನಿರೀಕ್ಷಿಸುವ ದಿಕ್ಕಿಗೇ ಅದು ಎಳೆಯುತ್ತದೆ. ವ್ಯಕ್ತಿ ಯಂತ್ರದಿಂದ ಇಳಿಯುವ ಮುನ್ನವೇ ಚಿತ್ರವನ್ನು ನೋಡಿ, ಅಂಚುಗಳ ಸುತ್ತ ಅಲೆಗಳಂಥ ಗೆರೆಗಳು ಕಂಡರೆ ಆಗಲೇ ಮತ್ತೊಮ್ಮೆ ತೆಗೆಸುವುದು ಆ ಐದಾರು ನಿಮಿಷಗಳ ಅತ್ಯುತ್ತಮ ಬಳಕೆ.

ಹಂತ 3: ಕಡತಗಳನ್ನು ಪರಿವರ್ತಿಸಿ, ಹೆಡರ್‌ಗಳನ್ನು ಎದುರುಬದುರು ಇಟ್ಟು ಓದಿ

ಯಂತ್ರ ಕೊಡುವ ಡೈಕಾಮ್ ಕಡತಗಳನ್ನು ವಿಶ್ಲೇಷಣೆಯ ತಂತ್ರಾಂಶಗಳು ಓದುವ ನಿಫ್ಟಿ ರೂಪಕ್ಕೆ ತರಲು ಡಿಸಿಎಂ2ಎನ್‌ಐಐಎಕ್ಸ್ (dcm2niix) ಎಂಬ ಉಚಿತ ಉಪಕರಣ ಸಾಕು. ಅದು ಪ್ರತಿ ಚಿತ್ರದ ಜೊತೆಗೆ ಚಿತ್ರೀಕರಣದ ವಿವರಗಳಿರುವ ಒಂದು ಜೆಸನ್ ಪಠ್ಯ ಕಡತವನ್ನೂ ಕೊಡುತ್ತದೆ. ಎರಡೂ ಭೇಟಿಗಳ ಪಠ್ಯಗಳನ್ನು ಅಕ್ಕಪಕ್ಕ ತೆರೆದು, ರಿಪಿಟಿಷನ್ ಟೈಮ್, ಎಕೋ ಟೈಮ್, ಇನ್ವರ್ಷನ್ ಟೈಮ್, ಫ್ಲಿಪ್ ಆ್ಯಂಗಲ್, ಕಾಯಿಲ್‌ನ ಹೆಸರು, ಸಾಫ್ಟ್‌ವೇರ್ ಆವೃತ್ತಿ ಮತ್ತು ವಕ್ರತೆಯ ತಿದ್ದುಪಡಿಯನ್ನು ಸೂಚಿಸುವ ಇಮೇಜ್ ಟೈಪ್ ಸಾಲುಗಳನ್ನು ಒಂದೊಂದಾಗಿ ಹೋಲಿಸಿ; ವಾಕ್ಸೆಲ್ ಅಳತೆಯನ್ನು ನಿಫ್ಟಿ ಕಡತದ ಹೆಡರ್‌ನಲ್ಲಿ, ಅಂದರೆ ಅದರ ಆರಂಭದ ವಿವರ ಭಾಗದಲ್ಲಿ, ನೋಡಿ. ದೊಡ್ಡ ಅಧ್ಯಯನವಾದರೆ ಇದಕ್ಕೊಂದು ಚಿಕ್ಕ ಸ್ಕ್ರಿಪ್ಟ್ ಬರೆದು, ವ್ಯತ್ಯಾಸ ಇರುವ ಜೋಡಿಗಳನ್ನು ಮಾತ್ರ ಪಟ್ಟಿ ಮಾಡಿಸಬಹುದು.

ಕಡತಗಳ ಹೆಸರಿನಲ್ಲಿ ವ್ಯಕ್ತಿಯ ಸಂಕೇತ ಸಂಖ್ಯೆ ಮತ್ತು ಭೇಟಿಯ ಸಂಖ್ಯೆ ಮಾತ್ರ ಇರಲಿ. ಕಡತಗಳನ್ನು ಹೆಸರಿಸಿ ಜೋಡಿಸುವ ಬಿಡ್ಸ್ ಎಂಬ ಸರ್ವಮಾನ್ಯ ವ್ಯವಸ್ಥೆಯನ್ನು ಅನುಸರಿಸಿದರೆ ಮುಂದೆ ಬಹಳ ಅನುಕೂಲ. ಗೋಪ್ಯತೆಗಾಗಿ ಮುಖದ ಭಾಗವನ್ನು ಅಳಿಸುವುದಿದ್ದರೆ ಎರಡೂ ಚಿತ್ರಗಳಲ್ಲಿ ಒಂದೇ ವಿಧಾನದಿಂದ ಅಳಿಸಿ, ಸಾಧ್ಯವಿದ್ದರೆ ಅಳತೆ ಮುಗಿದ ಮೇಲೆ ಅಳಿಸಿ. ಏಕೆಂದರೆ ತಲೆಬುರುಡೆಯ ಆಕಾರವನ್ನೇ ಆಧಾರವಾಗಿ ಬಳಸುವ ವಿಧಾನಗಳಿಗೆ ಅದರಿಂದ ಅಡ್ಡಿಯಾಗಬಹುದು.

ಹಂತ 4: ವಿಧಾನವನ್ನು ಆರಿಸಿಕೊಳ್ಳಿ

ಮೊದಲು ತೋಚುವ ದಾರಿಯೆಂದರೆ ಪ್ರತಿ ಸ್ಕ್ಯಾನ್‌ನಲ್ಲೂ ಮಿದುಳಿನ ಗಾತ್ರವನ್ನು ಬೇರೆ ಬೇರೆಯಾಗಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಈ ದಾರಿಯಲ್ಲಿ ಎರಡೂ ಅಳತೆಗಳ ದೋಷಗಳು ಸೇರಿಕೊಳ್ಳುತ್ತವೆ: ಪ್ರತಿಯೊಂದರ ದೋಷ ಶೇ 1 ಇದ್ದರೆ ವ್ಯತ್ಯಾಸದ ದೋಷ ಸುಮಾರು ಶೇ 1.4 ಆಗುತ್ತದೆ. ಹುಡುಕುತ್ತಿರುವುದು ಶೇ 0.5 ಆಗಿರುವಾಗ ಇದರಿಂದ ಪ್ರಯೋಜನವಿಲ್ಲ. ಅದರ ಬದಲು ಎರಡೂ ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಬದಲಾವಣೆಯನ್ನೇ ನೇರವಾಗಿ ಅಳೆಯುವ ವಿಧಾನಗಳನ್ನು ಬಳಸಬೇಕು.

ಇಡೀ ಮಿದುಳಿನ ಒಂದೇ ಅಂಕಿ ಸಾಕಾದರೆ ಆಕ್ಸ್‌ಫರ್ಡ್‌ನ ಎಫ್‌ಎಸ್‌ಎಲ್ ತಂತ್ರಾಂಶದೊಳಗಿನ ಸಿಯೆನಾ ಅತ್ಯಂತ ನೇರವಾದ ಆಯ್ಕೆ. ಅದು ಮಿದುಳಿನ ಅಂಚು ಎಷ್ಟು ಸರಿದಿದೆ ಎಂದು ಸಾವಿರಾರು ಬಿಂದುಗಳಲ್ಲಿ ಅಳೆದು, ಮಿದುಳು ಗಾತ್ರದ ಶೇಕಡಾವಾರು ಬದಲಾವಣೆಯನ್ನು, ಅಂದರೆ ಪಿಬಿವಿಸಿಯನ್ನು ಕೊಡುತ್ತದೆ. ಲಂಡನ್‌ನಲ್ಲಿ ರೂಪುಗೊಂಡು 1997ರಲ್ಲಿ ಪ್ರಕಟವಾದ ಬೌಂಡರಿ ಶಿಫ್ಟ್ ಇಂಟೆಗ್ರಲ್ ವಿಧಾನವು ಅಂಚಿನಲ್ಲಿ ಹೊಳಪಿನ ವ್ಯತ್ಯಾಸವನ್ನು ಲೆಕ್ಕಹಾಕಿ ಅದೇ ಗುರಿಯನ್ನು ತಲುಪುತ್ತದೆ. ಹಿಪ್ಪೋಕ್ಯಾಂಪಸ್, ಥಾಲಮಸ್, ತೊಗಟೆಯ ದಪ್ಪ ಹೀಗೆ ಭಾಗವಾರು ಅಂಕಿಗಳು ಬೇಕಾದರೆ ಫ್ರೀಸರ್ಫರ್ ತಂತ್ರಾಂಶದ ಲಾಂಗಿಟ್ಯೂಡಿನಲ್ (ಹಲವು ಭೇಟಿಗಳನ್ನು ಒಟ್ಟಿಗೆ ನೋಡುವ) ಸರಣಿ ಸೂಕ್ತ. ಮಿದುಳಿನ ಯಾವ ಮೂಲೆಯಲ್ಲಿ ಬದಲಾವಣೆ ಆಗಿದೆ ಎಂಬ ನಕ್ಷೆ ಬೇಕಾದರೆ ಎಸ್‌ಪಿಎಂ12 ತಂತ್ರಾಂಶದ ಲಾಂಗಿಟ್ಯೂಡಿನಲ್ ರಿಜಿಸ್ಟ್ರೇಷನ್ ನೋಡಬಹುದು. ಯಾವುದನ್ನೇ ಆರಿಸಿದರೂ ಅಧ್ಯಯನದ ಕೊನೆಯವರೆಗೆ ಅದೇ ವಿಧಾನ, ಅದೇ ಆವೃತ್ತಿ, ಸಾಧ್ಯವಾದರೆ ಅದೇ ಕಂಪ್ಯೂಟರ್ ಇರಲಿ. ಆವೃತ್ತಿ ಮತ್ತು ಆಪರೇಟಿಂಗ್ ಸಿಸ್ಟಂ ಬದಲಾದರೂ ಗಾತ್ರದ ಅಂಕಿಗಳು ಬದಲಾಗುತ್ತವೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಎರಡನೆಯ ಚಿತ್ರವನ್ನು ಮೊದಲನೆಯದರ ಮೇಲೆ ಕೂರಿಸುವುದು ಸಹಜವೆನಿಸುತ್ತದೆ, ಆದರೆ ಹಾಗೆ ಮಾಡಿದಾಗ ಎರಡನೆಯ ಚಿತ್ರ ಮಾತ್ರ ತಿರುಗಿ, ಅದರ ವಾಕ್ಸೆಲ್ ಬೆಲೆಗಳನ್ನು ಅಕ್ಕಪಕ್ಕದವುಗಳಿಂದ ಹೊಸದಾಗಿ ಅಂದಾಜಿಸಬೇಕಾಗುತ್ತದೆ. ಇಂಟರ್‌ಪೊಲೇಷನ್ ಎನ್ನುವ ಈ ಕ್ರಿಯೆ ಚಿತ್ರವನ್ನು ತುಸು ಮಸುಕಾಗಿಸುತ್ತದೆ. ಮೊದಲ ಚಿತ್ರ ಮಾತ್ರ ಚೂಪಾಗಿಯೇ ಉಳಿಯುತ್ತದೆ. ಮಸುಕಾದದ್ದನ್ನು ಚೂಪಾದದ್ದಕ್ಕೆ ಹೋಲಿಸಿದಾಗ ಇಲ್ಲದ ಬದಲಾವಣೆ ಕಾಣಿಸಿಕೊಳ್ಳುತ್ತದೆ. 2010ರ ಆಸುಪಾಸಿನಲ್ಲಿ ಈ ಅಸಮತೋಲನದಿಂದಾಗಿ ಪ್ರಕಟಿತ ಕುಗ್ಗುವಿಕೆಯ ದರಗಳು ವಾಸ್ತವಕ್ಕಿಂತ ಹೆಚ್ಚಾಗಿದ್ದವು ಎಂಬುದು ಚರ್ಚೆಗೆ ಬಂದು, ವಿಧಾನಗಳೇ ತಿದ್ದುಪಡಿಯಾದವು. ಪರಿಹಾರವೆಂದರೆ ಎರಡೂ ಚಿತ್ರಗಳನ್ನು ನಡುವಿನ ಒಂದು ಸ್ಥಾನಕ್ಕೆ ಅರ್ಧರ್ಧ ದಾರಿ ತರುವುದು. ಆಗ ಎರಡೂ ಸಮನಾಗಿ ಮಸುಕಾಗುತ್ತವೆ. ಮೇಲೆ ಹೆಸರಿಸಿದ ಸಿಯೆನಾ, ಫ್ರೀಸರ್ಫರ್ ಸರಣಿ ಮತ್ತು ಎಸ್‌ಪಿಎಂ12 ಮೂರೂ ಈ ನಿಯಮವನ್ನು ಪಾಲಿಸುತ್ತವೆ. ನೀವೇ ಸ್ವಂತ ಸ್ಕ್ರಿಪ್ಟ್ ಬರೆಯುವುದಾದರೆ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ.

ಹಂತ 5: ಸಿಯೆನಾವನ್ನು ನಡೆಸುವ ಬಗೆ

ಆದೇಶ ಬಹಳ ಸರಳ: 'ಸಿಯೆನಾ' ಎಂಬ ಪದದ ಮುಂದೆ ಮೊದಲ ಭೇಟಿಯ ಕಡತ, ನಂತರ ಎರಡನೆಯ ಭೇಟಿಯ ಕಡತ. ಆದರೆ ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಮಾತ್ರ ತಪ್ಪುಗಳನ್ನು ಹಿಡಿಯಲು ಬರುತ್ತದೆ. ತಂತ್ರಾಂಶವು ಮೊದಲು ಎರಡೂ ಚಿತ್ರಗಳಿಂದ ಮಿದುಳನ್ನೂ ತಲೆಬುರುಡೆಯ ಮೇಲ್ಮೈಯನ್ನೂ ಬೇರ್ಪಡಿಸುತ್ತದೆ. ವಯಸ್ಕರ ಬುರುಡೆ ಒಂದೆರಡು ವರ್ಷದಲ್ಲಿ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲವಾದ್ದರಿಂದ ಅದನ್ನು ಅಳತೆಗೋಲಾಗಿ ಬಳಸಿ ಯಂತ್ರದ ಮಾಪನ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ನಂತರ ಎರಡೂ ಚಿತ್ರಗಳನ್ನು ನಡುವಿನ ಸ್ಥಾನಕ್ಕೆ ತಂದು, ಅಂಗಾಂಶ ಮತ್ತು ದ್ರವದ ಗಡಿಯನ್ನು ಗುರುತಿಸಿ, ಆ ಗಡಿಯ ಪ್ರತಿ ಬಿಂದುವಿನ ಚಲನೆಯನ್ನು ವಾಕ್ಸೆಲ್‌ಗಿಂತ ಚಿಕ್ಕ ಪ್ರಮಾಣದಲ್ಲಿ ಅಳೆಯುತ್ತದೆ. ಇದನ್ನು ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆದುಕೊಳ್ಳುತ್ತದೆ. ಮಕ್ಕಳಲ್ಲಿ ಬುರುಡೆ ಬೆಳೆಯುತ್ತಿರುತ್ತದೆಯಾದ್ದರಿಂದ ಈ ಅಳತೆಗೋಲು ಅವರಿಗೆ ಹೊಂದುವುದಿಲ್ಲ.

ಹೆಚ್ಚಿನ ವೈಫಲ್ಯಗಳ ಬೇರು ಮಿದುಳನ್ನು ಬೇರ್ಪಡಿಸುವ ಬೆಟ್ ಎಂಬ ಭಾಗದಲ್ಲಿದೆ. ಚಿತ್ರದಲ್ಲಿ ಕುತ್ತಿಗೆ ಉದ್ದವಾಗಿ ಬಂದಿದ್ದರೆ ಅದು ತಲೆಯ ಕೇಂದ್ರವನ್ನು ತಪ್ಪಾಗಿ ಊಹಿಸುತ್ತದೆ. ಹಾಗಾಗಿ ರೋಬಸ್ಟ್‌ಎಫ್‌ಒವಿ ಎಂಬ ಉಪಕರಣದಿಂದ ಕುತ್ತಿಗೆಯನ್ನು ಮೊದಲೇ ಕತ್ತರಿಸಿ. ಬೆಟ್‌ನ ಮಿತಿ ಮೌಲ್ಯವು ಪೂರ್ವನಿಗದಿಯಾಗಿ 0.5 ಇರುತ್ತದೆ, ಹಲವು ಬಗೆಯ ಚಿತ್ರಗಳಲ್ಲಿ ಇದು ತೊಗಟೆಯನ್ನೂ ಕೆರೆದುಹಾಕುತ್ತದೆ. 0.1ರಿಂದ 0.3ರ ನಡುವಿನ ಮೌಲ್ಯವನ್ನು, ಹೊಳಪಿನ ಏರಿಳಿತ ಮತ್ತು ಕುತ್ತಿಗೆಯನ್ನು ತಿದ್ದುವ ಆಯ್ಕೆಯೊಂದಿಗೆ ಕೆಲವು ಚಿತ್ರಗಳ ಮೇಲೆ ಪ್ರಯತ್ನಿಸಿ, ಒಪ್ಪಿಗೆಯಾದ ಒಂದೇ ಮೌಲ್ಯವನ್ನು ಇಡೀ ಅಧ್ಯಯನಕ್ಕೆ ಅಂಟಿಸಿಬಿಡಿ. ಒಬ್ಬೊಬ್ಬರಿಗೆ ಒಂದೊಂದು ಮೌಲ್ಯ ಹಾಕುತ್ತಾ ಹೋದರೆ, ಅದರಲ್ಲೂ ಒಂದೇ ಜೋಡಿಯ ಎರಡು ಚಿತ್ರಗಳಿಗೆ ಬೇರೆ ಬೇರೆ ಮೌಲ್ಯ ಕೊಟ್ಟರೆ, ನಾವು ತಪ್ಪಿಸಬೇಕೆಂದ ವ್ಯತ್ಯಾಸವನ್ನು ನಾವೇ ಒಳಗೆ ತಂದಂತಾಗುತ್ತದೆ.

ಚಿತ್ರದ ನೆತ್ತಿಯ ಭಾಗ ಒಂದು ಭೇಟಿಯಲ್ಲಿ ಕತ್ತರಿಸಿಹೋಗಿದ್ದರೆ, ಒಂದು ನಿಗದಿತ ಎತ್ತರದ ಮೇಲಿನ ಅಥವಾ ಕೆಳಗಿನ ಭಾಗವನ್ನು ಎರಡೂ ಚಿತ್ರಗಳಲ್ಲಿ ಕೈಬಿಡುವ ಆಯ್ಕೆ ಸಿಯೆನಾದಲ್ಲಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಬಿಳಿ ದ್ರವ್ಯದೊಳಗಿನ (ನರತಂತುಗಳಿರುವ ಅಂಗಾಂಶದೊಳಗಿನ) ಗಾಯಗಳು ಟಿ1 ಚಿತ್ರದಲ್ಲಿ ಕಪ್ಪಾಗಿ ಕಂಡು ಬೂದು ದ್ರವ್ಯವೆಂದು ಎಣಿಕೆಯಾಗುವ ಅಪಾಯವಿರುತ್ತದೆ. ಬೂದು, ಬಿಳಿ ದ್ರವ್ಯಗಳನ್ನು ಪ್ರತ್ಯೇಕವಾಗಿ ಅಳೆಯುವುದಿದ್ದರೆ ಆ ಗಾಯಗಳ ಜಾಗವನ್ನು ಸುತ್ತಲಿನ ಬಿಳಿ ದ್ರವ್ಯದ ಹೊಳಪಿನಿಂದ ಮೊದಲೇ ತುಂಬಿಸಬೇಕು.

ಹಂತ 6: ಭಾಗವಾರು ಅಳತೆಗೆ ಫ್ರೀಸರ್ಫರ್ ಸರಣಿ

ಇದರಲ್ಲಿ ಮೂರು ಸುತ್ತುಗಳಿವೆ. ಮೊದಲ ಸುತ್ತಿನಲ್ಲಿ 'ರೀಕಾನ್-ಆಲ್' ಆದೇಶದಿಂದ ಪ್ರತಿ ಸ್ಕ್ಯಾನ್ ಅನ್ನೂ ಸ್ವತಂತ್ರವಾಗಿ ಸಂಸ್ಕರಿಸಬೇಕು. ಎರಡನೆಯ ಸುತ್ತಿನಲ್ಲಿ ಆ ವ್ಯಕ್ತಿಯ ಎಲ್ಲ ಸ್ಕ್ಯಾನ್‌ಗಳನ್ನೂ ಸೇರಿಸಿ 'ಬೇಸ್' ಎಂಬ ವೈಯಕ್ತಿಕ ಮಾದರಿಯನ್ನು ಕಟ್ಟಬೇಕು. ಇದು ಯಾವ ಒಂದು ಭೇಟಿಯ ಕಡೆಗೂ ವಾಲದ ನಡುವಿನ ಚಿತ್ರ. ಮೂರನೆಯ ಸುತ್ತಿನಲ್ಲಿ 'ಲಾಂಗ್' ಆಯ್ಕೆಯೊಂದಿಗೆ ಪ್ರತಿ ಸ್ಕ್ಯಾನ್ ಅನ್ನೂ ಆ ಮಾದರಿಯಿಂದ ಆರಂಭಿಸಿ ಮರುಸಂಸ್ಕರಿಸಬೇಕು. ಮೂರು ಭೇಟಿಗಳಿದ್ದರೆ ಒಟ್ಟು ಏಳು ಓಟಗಳಾಗುತ್ತವೆ, ಪ್ರತಿಯೊಂದಕ್ಕೂ ಗಂಟೆಗಟ್ಟಲೆ ಸಮಯ ಬೇಕು.

ವಿಶ್ಲೇಷಣೆಗೆ ಬಳಸಬೇಕಾದದ್ದು ಮೂರನೆಯ ಸುತ್ತಿನ ಅಂಕಿಗಳನ್ನು ಮಾತ್ರ. ಕೆಲವರಿಗೆ ಎರಡನೆಯ ಭೇಟಿ ತಪ್ಪಿಹೋಗಿ ಒಂದೇ ಸ್ಕ್ಯಾನ್ ಇದ್ದರೂ ಅವರನ್ನು ಇದೇ ಮೂರು ಸುತ್ತುಗಳ ಮೂಲಕ ಹಾಯಿಸಬೇಕು, ಇಲ್ಲದಿದ್ದರೆ ಅವರ ಅಂಕಿಗಳು ಉಳಿದವರ ಅಂಕಿಗಳೊಂದಿಗೆ ಹೋಲಿಕೆಗೆ ನಿಲ್ಲುವುದಿಲ್ಲ. ಕೈಯಿಂದ ತಿದ್ದುವ ಅಗತ್ಯ ಬಿದ್ದರೆ ಮೊದಲ ಸುತ್ತಿನ ಮತ್ತು ಬೇಸ್‌ನ ಚಿತ್ರಗಳಲ್ಲಿ ತಿದ್ದಿ; ಮೂರನೆಯ ಸುತ್ತು ಆ ತಿದ್ದುಪಡಿಗಳನ್ನು ಬಹುಪಾಲು ತಾನಾಗಿ ಪಡೆದುಕೊಳ್ಳುತ್ತದೆ. ತಿದ್ದುವವರಿಗೆ ಯಾವುದು ಮೊದಲ ಭೇಟಿ, ಯಾವುದು ಎರಡನೆಯದು, ಯಾರು ರೋಗಿ ಎಂಬುದು ಗೊತ್ತಿರಬಾರದು.

ಹಂತ 7: ಅಂಕಿಯನ್ನು ನಂಬುವ ಮುನ್ನ ಚಿತ್ರವನ್ನು ನೋಡಿ

ಪ್ರತಿ ಜೋಡಿಯನ್ನೂ ಕಣ್ಣಾರೆ ನೋಡಬೇಕು. ಇದಕ್ಕೆ ಬದಲಿ ಇಲ್ಲ. ನಡುವಿನ ಸ್ಥಾನಕ್ಕೆ ತಂದ ಎರಡೂ ಚಿತ್ರಗಳನ್ನು ಎಫ್‌ಎಸ್‌ಎಲ್‌ಐಸ್ ಎಂಬ ಚಿತ್ರ ವೀಕ್ಷಕದಲ್ಲಿ ಒಂದರ ಮೇಲೊಂದು ತೆರೆದು, ಮೇಲಿನದನ್ನು ಮರೆಮಾಡಿ ಮತ್ತೆ ತೋರಿಸುತ್ತಾ ಹೋಗಿ. ಮೊದಲು ಬುರುಡೆಯ ಹೊರ ಅಂಚನ್ನು ಗಮನಿಸಿ: ಅದು ಕದಲದೆ ನಿಂತಿರಬೇಕು. ಅಂಚು ಸುತ್ತಲೂ ಒಳಗೆ ಹೊರಗೆ ಉಸಿರಾಡಿದಂತೆ ಕಂಡರೆ ಮಾಪನದ ವ್ಯತ್ಯಾಸ ಉಳಿದಿದೆ ಎಂದರ್ಥ. ಒಂದೇ ಪಕ್ಕಕ್ಕೆ ಜರುಗಿದರೆ ಜೋಡಣೆ ಸರಿಯಾಗಿಲ್ಲ. ಬುರುಡೆ ನಿಶ್ಚಲವಾಗಿದ್ದು, ಮಿದುಳಿನೊಳಗಿನ ದ್ರವಕೋಶಗಳ ಗೋಡೆಗಳು ಮಾತ್ರ ಹೊರಕ್ಕೆ ಸರಿದಂತೆ, ತೊಗಟೆಯ ಮಡಿಕೆಗಳ ನಡುವಿನ ಕಂದರಗಳು ಅಗಲವಾದಂತೆ ಕಂಡರೆ ಅದು ನಿಜವಾದ ಕುಗ್ಗುವಿಕೆಯ ಲಕ್ಷಣ.

ಆಮೇಲೆ ಮಿದುಳಿನ ಮುಖವಾಡಗಳನ್ನು, ಅಂದರೆ ಮಿದುಳೆಂದು ತಂತ್ರಾಂಶ ಬೇರ್ಪಡಿಸಿದ ಭಾಗಗಳನ್ನು, ಹೋಲಿಸಿ. ಒಂದರಲ್ಲಿ ಕಣ್ಣಿನ ಹಿಂದಿನ ನರ ಅಥವಾ ನೆತ್ತಿಯ ಪೊರೆಯ ತುಣುಕು ಒಳಗೆ ಸೇರಿ ಇನ್ನೊಂದರಲ್ಲಿ ಸೇರದಿದ್ದರೆ, ಫಲಿತಾಂಶದ ಚಿತ್ರದಲ್ಲಿ ಆ ಜಾಗಕ್ಕೆ ಭಾರಿ ಬದಲಾವಣೆಯ ಬಣ್ಣ ಮೂಡಿರುತ್ತದೆ. ನಿಜವಾದ ಕುಗ್ಗುವಿಕೆ ಸಾಮಾನ್ಯವಾಗಿ ಎಡ ಬಲ ಎರಡೂ ಕಡೆ, ಅಂಗರಚನೆಯ ಗಡಿಗಳನ್ನು ಅನುಸರಿಸಿ ಹರಡಿರುತ್ತದೆ. ಚೌಕಾಕಾರದ ತೇಪೆಯಾಗಿ ಅಥವಾ ಒಂದು ಸ್ಲೈಸ್‌ನಲ್ಲಿ ಥಟ್ಟನೆ ಮುಗಿಯುವ ಪಟ್ಟಿಯಾಗಿ ಕಂಡರೆ ಅದು ಚಿತ್ರದ ದೋಷ.

ಹಂತ 8: ವಿಧಾನವನ್ನೇ ಪರೀಕ್ಷೆಗೆ ಒಡ್ಡಿ

ಮೂರು ಪರೀಕ್ಷೆಗಳು ಹೆಚ್ಚು ಶ್ರಮವಿಲ್ಲದೆ ಬಹಳ ಹೇಳುತ್ತವೆ. ಮೊದಲನೆಯದು, ಕಡತಗಳ ಕ್ರಮವನ್ನು ಅದಲುಬದಲು ಮಾಡಿ ಮತ್ತೆ ನಡೆಸುವುದು: ಮುಮ್ಮುಖವಾಗಿ ಶೇ −0.62 ಬಂದಿದ್ದರೆ ಹಿಮ್ಮುಖವಾಗಿ ಸುಮಾರು ಶೇ +0.62 ಬರಬೇಕು. ಎರಡನೆಯದಕ್ಕೆ ಮೂರು ಭೇಟಿಗಳು ಬೇಕು. ಒಂದರಿಂದ ಎರಡಕ್ಕೆ ಶೇ −0.62, ಎರಡರಿಂದ ಮೂರಕ್ಕೆ ಶೇ −0.48 ಬಂದಿದೆ ಎಂದುಕೊಳ್ಳಿ. 0.9938ನ್ನು 0.9952ರಿಂದ ಗುಣಿಸಿದರೆ 0.9890 ಬರುತ್ತದೆ, ಅಂದರೆ ಒಟ್ಟು ಶೇ −1.10. ಒಂದರಿಂದ ಮೂರಕ್ಕೆ ನೇರವಾಗಿ ಅಳೆದಾಗ ಶೇ −1.15 ಬಂದರೆ ವ್ಯತ್ಯಾಸ 0.05 ಮಾತ್ರ, ಒಪ್ಪಬಹುದು, ಶೇ −1.8 ಬಂದರೆ ಮೂರರಲ್ಲಿ ಒಂದು ಜೋಡಿ ಕೆಟ್ಟಿದೆ, ಮತ್ತೆ ಹಂತ 7ಕ್ಕೆ ಹೋಗಬೇಕು. ಮೂರನೆಯದು ಗುಂಪಿನ ಮಟ್ಟದ ಪರೀಕ್ಷೆ: ಆರು, ಹನ್ನೆರಡು ಮತ್ತು ಇಪ್ಪತ್ತನಾಲ್ಕು ತಿಂಗಳ ಸರಾಸರಿ ಬದಲಾವಣೆಗಳ ಮೂಲಕ ಒಂದು ಗೆರೆ ಎಳೆದು ಹಿಂದಕ್ಕೆ ಚಾಚಿದಾಗ ಅದು ಶೂನ್ಯ ಕಾಲದಲ್ಲಿ ಶೂನ್ಯ ಬದಲಾವಣೆಯ ಸಮೀಪ ಹಾದುಹೋಗಬೇಕು. ಕಾಲವೇ ಕಳೆಯದಿದ್ದರೂ ಕುಗ್ಗುವಿಕೆ ಕಾಣುತ್ತಿದ್ದರೆ ನಾಲ್ಕನೆಯ ಹಂತದಲ್ಲಿ ಹೇಳಿದ ಅಸಮತೋಲನ ಒಳಗೆಲ್ಲೋ ಅಡಗಿದೆ.

ಸಾಧ್ಯವಿದ್ದವರು ಕೆಲವರನ್ನು ಒಂದೇ ದಿನ ಎರಡು ಬಾರಿ, ನಡುವೆ ಯಂತ್ರದಿಂದ ಇಳಿಸಿ ಮತ್ತೆ ಮಲಗಿಸಿ ಸ್ಕ್ಯಾನ್ ಮಾಡಿಸಲಿ. ಆ ಜೋಡಿಗಳಲ್ಲಿ ಬರುವ ಪಿಬಿವಿಸಿಯ ಪ್ರಮಾಣಿತ ವಿಚಲನವೇ ನಿಮ್ಮ ದೋಷದ ಅಳತೆ. ಅದು ಶೇ 0.2 ಆಗಿದ್ದರೆ, ಅದನ್ನು 1.96ರಿಂದ ಗುಣಿಸಿ, ಒಬ್ಬ ವ್ಯಕ್ತಿಯಲ್ಲಿ ಶೇ 0.4ಕ್ಕಿಂತ ಕಡಿಮೆಯ ಬದಲಾವಣೆಯನ್ನು ದೋಷದಿಂದ ಬೇರ್ಪಡಿಸಲಾಗದು ಎಂದು ತೀರ್ಮಾನಿಸಬೇಕು. ಸ್ವಂತ ಚಿತ್ರಗಳಿಲ್ಲದವರಿಗೆ ಸಂಶೋಧಕರಿಗೆ ತೆರೆದಿರುವ ಮಿರಿಯಡ್ ಸಂಗ್ರಹ ಬಹಳ ಉಪಯುಕ್ತ: ಅದರಲ್ಲಿ 46 ಆಲ್ಝೈಮರ್ ರೋಗಿಗಳು ಮತ್ತು 23 ಆರೋಗ್ಯವಂತರ 708 ಸ್ಕ್ಯಾನ್‌ಗಳಿವೆ, ಎಲ್ಲವನ್ನೂ ಒಂದೇ 1.5 ಟೆಸ್ಲಾ ಯಂತ್ರದಲ್ಲಿ ಒಬ್ಬರೇ ತಂತ್ರಜ್ಞರು ಎರಡು ವಾರದಿಂದ ಎರಡು ವರ್ಷದವರೆಗಿನ ಅಂತರಗಳಲ್ಲಿ ತೆಗೆದಿದ್ದಾರೆ.

ಹಂತ 9: ದರಗಳ ಲೆಕ್ಕ ಮತ್ತು ವಿಶ್ಲೇಷಣೆ

ಅಂತರವನ್ನು ದಿನಗಳಲ್ಲಿ ಎಣಿಸಿ 365.25ರಿಂದ ಭಾಗಿಸಿ, ಬದಲಾವಣೆಯನ್ನು ವಾರ್ಷಿಕ ದರಕ್ಕೆ ತನ್ನಿ. ಹದಿನೆಂಟು ತಿಂಗಳಲ್ಲಿ ಶೇ −0.9 ಎಂದರೆ ವರ್ಷಕ್ಕೆ ಶೇ −0.6. ಗಾತ್ರಗಳಿಂದ ಶೇಕಡಾವಾರು ತೆಗೆಯುವಾಗ ಮೊದಲ ಭೇಟಿಯ ಗಾತ್ರದಿಂದಲ್ಲ, ಎರಡೂ ಭೇಟಿಗಳ ಸರಾಸರಿಯಿಂದ ಭಾಗಿಸುವುದು ಉತ್ತಮ. ಮೊದಲ ಅಳತೆಯಲ್ಲಿದ್ದ ದೋಷಕ್ಕೆ ಆಗ ಎರಡು ಪಟ್ಟು ಬಲ ಸಿಗುವುದಿಲ್ಲ.

ಎರಡಕ್ಕಿಂತ ಹೆಚ್ಚು ಭೇಟಿಗಳಿರುವಾಗ, ಭೇಟಿಗಳ ಅಂತರ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುವಾಗ, ಲೀನಿಯರ್ ಮಿಕ್ಸೆಡ್ ಮಾದರಿಯನ್ನು ಬಳಸಿ. ಪ್ರತಿ ವ್ಯಕ್ತಿಗೂ ಸ್ವಂತ ಆರಂಭಬಿಂದು ಮತ್ತು ಸ್ವಂತ ಇಳಿಜಾರನ್ನು ಅದು ಒಪ್ಪಿಕೊಳ್ಳುತ್ತದೆ, ತಪ್ಪಿಹೋದ ಭೇಟಿಗಳಿರುವವರನ್ನು ಹೊರಗಟ್ಟುವುದಿಲ್ಲ. ವಯಸ್ಸು, ಲಿಂಗ, ಯಂತ್ರ ಇವು ಮಾದರಿಯಲ್ಲಿ ಇರಲಿ. ಅಧ್ಯಯನದ ಮಧ್ಯೆ ಯಂತ್ರ ನವೀಕರಣವಾಗಿದ್ದರೆ ಅದಕ್ಕೂ ಒಂದು ಚರವನ್ನು ಸೇರಿಸಬೇಕು. ಆದರೆ ರೋಗಿಗಳ ಎರಡನೆಯ ಭೇಟಿಗಳೆಲ್ಲ ನವೀಕರಣದ ನಂತರವೇ ಬಂದಿದ್ದರೆ ಯಾವ ಮಾದರಿಯೂ ರೋಗ ಮತ್ತು ನವೀಕರಣ ಎರಡರ ಪರಿಣಾಮವನ್ನು ಬಿಡಿಸಿಕೊಡಲಾರದು.

ಹಂತ 10: ಅರ್ಥೈಸುವುದು ಮತ್ತು ವರದಿ ಬರೆಯುವುದು

ಗಾತ್ರ ಇಳಿಯಿತು ಎಂದರೆ ನರಕೋಶಗಳು ಸತ್ತವು ಎಂದೇ ಅರ್ಥವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಉರಿಯೂತವನ್ನು ತಗ್ಗಿಸುವ ಔಷಧ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಊತವು ಇಳಿದು ಮಿದುಳು ಕುಗ್ಗಿದಂತೆ ಕಾಣುತ್ತದೆ. ಇದನ್ನು ಹುಸಿ ಕುಗ್ಗುವಿಕೆ ಎನ್ನುತ್ತಾರೆ. ಹಾಗಾಗಿ ಔಷಧ ಆರಂಭವಾಗಿ ಕೆಲವು ತಿಂಗಳು ಕಳೆದ ಮೇಲೆ ತೆಗೆದ ಸ್ಕ್ಯಾನ್ ಅನ್ನು ಹೊಸ ಆಧಾರವಾಗಿ ಇಟ್ಟುಕೊಳ್ಳುವುದು ವಿವೇಕ. ಆಲ್ಝೈಮರ್‌ಗೆ ಬಳಸುವ, ಅಮಿಲಾಯ್ಡ್ ಎಂಬ ಪ್ರೋಟೀನ್ ತೆಗೆಯುವ ಔಷಧಗಳ ಪ್ರಯೋಗಗಳಲ್ಲೂ ಔಷಧ ಪಡೆದವರಲ್ಲೇ ಗಾತ್ರ ಹೆಚ್ಚು ಇಳಿದದ್ದು ಕಂಡುಬಂದಿದೆ. ಇದಕ್ಕೆ ವಿರುದ್ಧವಾಗಿ, ದೀರ್ಘಕಾಲ ಅತಿಯಾಗಿ ಮದ್ಯ ಸೇವಿಸುತ್ತಿದ್ದವರು ಬಿಟ್ಟ ಮೇಲೆ ಗಾತ್ರ ಭಾಗಶಃ ಮರಳುತ್ತದೆ.

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ವರ್ಷಕ್ಕೆ ಶೇ 0.4ಕ್ಕಿಂತ ಹೆಚ್ಚಿನ ಇಳಿಕೆಯನ್ನು ರೋಗದ ಲಕ್ಷಣವೆಂದು ಪರಿಗಣಿಸಬಹುದೆಂಬ ಸಲಹೆ ಇದೆ. ಗುಂಪುಗಳ ಮಟ್ಟದಲ್ಲಿ ಅದು ಉಪಯುಕ್ತ. ಆದರೆ ಎಂಟನೆಯ ಹಂತದ ಲೆಕ್ಕವನ್ನು ನೆನಪಿಡಿ: ಒಂದೇ ಜೋಡಿ ಸ್ಕ್ಯಾನ್‌ನ ದೋಷದ ಮಿತಿಯೂ ಅಷ್ಟೇ ಇದೆ. ಒಬ್ಬ ರೋಗಿಯ ಚಿಕಿತ್ಸೆಯನ್ನು ಆ ಒಂದು ಅಂಕಿಯ ಮೇಲೆ ಬದಲಿಸುವಂತೆ ಸೂಚಿಸುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಮೂರನೆಯ ಸ್ಕ್ಯಾನ್ ಬಂದು ಅದೇ ಇಳಿಜಾರು ಮುಂದುವರಿದರೆ ಮಾತು ಬೇರೆ.

ವರದಿಯಲ್ಲಿ ಯಂತ್ರದ ಮಾದರಿ, ಕಾಂತಕ್ಷೇತ್ರದ ಬಲ, ಸೀಕ್ವೆನ್ಸ್‌ನ ನಿಯತಾಂಕಗಳು, ತಂತ್ರಾಂಶದ ಆವೃತ್ತಿ, ಬಳಸಿದ ಆಯ್ಕೆಗಳು, ಸ್ಕ್ಯಾನ್‌ಗಳ ನಡುವಿನ ಅಂತರ, ಗುಣಮಟ್ಟದ ಕಾರಣಕ್ಕೆ ಕೈಬಿಟ್ಟ ಜೋಡಿಗಳ ಸಂಖ್ಯೆ ಮತ್ತು ಅವುಗಳನ್ನು ಬಿಟ್ಟ ಕಾರಣ, ಜೊತೆಗೆ ನೀವು ಅಳೆದ ದೋಷದ ಪ್ರಮಾಣ ಇರಲೇಬೇಕು. ಮೂಲ ಡೈಕಾಮ್ ಕಡತಗಳನ್ನೂ ಸ್ಕ್ರಿಪ್ಟ್‌ಗಳನ್ನೂ ಅಳಿಸದೆ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ವ್ಯಕ್ತಿಯ ಹೊಸ ಸ್ಕ್ಯಾನ್ ಬಂದಾಗ ಹಳೆಯ ಅಂಕಿಗಳ ಸಾಲಿಗೆ ಹೊಸದೊಂದನ್ನು ಸೇರಿಸಿ ಮುಗಿಸುವಂತಿಲ್ಲ; ಫ್ರೀಸರ್ಫರ್ ಬಳಸುತ್ತಿದ್ದರೆ ಹೊಸ ಸ್ಕ್ಯಾನ್ ಅನ್ನೂ ಒಳಗೊಂಡಂತೆ ಬೇಸ್ ಅನ್ನು ಮತ್ತೆ ಕಟ್ಟಿ, ಎಲ್ಲ ಭೇಟಿಗಳ ಮೂರನೆಯ ಸುತ್ತನ್ನೂ ಹೊಸದಾಗಿ ನಡೆಸಬೇಕು.